ಕವಲಿಹಾಳದ ಮಳೆ ಅಳೆಯಬೇಕಿದ್ದವರಿಗೆ

ಶ್ರಾವಣ ಮೂವತ್ತೊಂಬತ್ತು, ವಾಡಿಕೆ ಶಕ ನೂರಾಹನ್ನೆರಡು.

ಕವಲಿಹಾಳದ ಮಳೆಮಾಪಕದ ಬೀಗದ ಕೈ ಯಾರ ಬಳಿ ಇರಬೇಕಿತ್ತೋ ಅವರಿಗೆ, ನೀಲಗಂಗಾ ಮಾಡುವ ನಮಸ್ಕಾರಗಳು.

ತೇದಿ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಮಳೆಯ ತಿಂಗಳು ಮಳೆ ಬೀಳುವವರೆಗೆ ಮುಗಿಯುವುದಿಲ್ಲ. ಒಂದು ಹನಿಯೂ ಬೀಳದೆ ಶ್ರಾವಣ ಹೋಯಿತು ಎಂದು ಬರೆಯಲು ನಮ್ಮ ಹಿರಿಯರಿಗೆ ಮನಸ್ಸು ಬರಲಿಲ್ಲ, ಹಾಗಾಗಿ ತಿಂಗಳನ್ನೇ ಹಿಗ್ಗಿಸುವ ರೂಢಿ ಮಾಡಿದರು. ನಾನು ಹುಟ್ಟಿದ್ದು ಆಷಾಢ ಐವತ್ತೆರಡರಂದು. ಇನ್ನು ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮ ಸರ್ಕಾರಿ ಕಾಗದಗಳನ್ನು ಓದಿಯೇ ನಾನು ಹಳೆಯ ಬರವಣಿಗೆ ಕಲಿತದ್ದು. ಅಲ್ಲಲ್ಲಿ ತಹಸೀಲ್ದಾರರ ಧಾಟಿ ಬಂದರೆ ಮನ್ನಿಸಿ.

ನಾನು ವಾಡಿಕೆ ಮಂಡಳಿಯ ಓದುಗಿತ್ತಿ. ಹಳೆಯ ಹವಾಮಾನದ ದಾಖಲೆಗಳನ್ನು ಹುಡುಕಿ, ಓದಿ, ಜನಕ್ಕೆ ತಿಳಿಸುವುದು ನನ್ನ ಕೆಲಸ. ನಿಮ್ಮ ಯಂತ್ರಗಳಲ್ಲಿದ್ದ ಯಾವುದೂ ನಮಗೆ ತೆರೆಯಲಿಲ್ಲ. ಉಳಿದದ್ದು ಕಾಗದ ಮಾತ್ರ, ಅದೂ ಗೆದ್ದಲು ಬೇಡವೆಂದು ಬಿಟ್ಟಷ್ಟು. ಅವುಗಳಲ್ಲಿ ಊರೂರಿನ ಹೆಸರಿನ ಮುಂದೆ ‘ವಾಡಿಕೆ ಮಳೆ’ ಎಂದು ಬರೆದು ಒಂದು ಅಂಕಿ ಕೊಟ್ಟಿದ್ದೀರಿ. ನಿಮಗೆ ಅದು ಮೂವತ್ತು ವರ್ಷಗಳ ಸರಾಸರಿ. ನಮ್ಮ ಹಿರಿಯರು ಹಾಗೆ ಓದಲಿಲ್ಲ. ಮದುವೆಯಲ್ಲಿ ಸೋದರಮಾವನಿಗೆ ಸಲ್ಲುವ ವಾಡಿಕೆ ಇರುತ್ತದಲ್ಲ, ಹಾಗೆ ಪ್ರತಿ ಊರಿಗೂ ಸಲ್ಲಬೇಕಾದ ನೀರು ಎಂದು ಓದಿದರು. ನದಿಗಳು ಬತ್ತಿ, ಇದ್ದಬದ್ದ ನೀರನ್ನೆಲ್ಲ ಒಂದೇ ದೊಡ್ಡ ಹೊಂಡಕ್ಕೆ ತುಂಬಿಸಿ ಹಂಚುವ ಕಾಲ ಬಂದಾಗ, ಜಗಳ ತಪ್ಪಿಸಲು ಆ ಅಂಕಿಗಳನ್ನೇ ಕಾನೂನು ಮಾಡಿದರು. ನಿಮ್ಮ ಕಾಲದಲ್ಲಿ ಯಾವ ಊರಿಗೆ ಎಷ್ಟು ಮಳೆಯಾಗಿತ್ತೋ, ನಮ್ಮ ಕಾಲದಲ್ಲಿ ಆ ಊರಿಗೆ ಅಷ್ಟು ಪಾಲು. ಅಂಕಿಗಳನ್ನೆಲ್ಲ ಹೊಂಡದ ಪಕ್ಕದ ಕಲ್ಲಿನ ಗೋಡೆಯ ಮೇಲೆ ಕೆತ್ತಿಸಿದರು.

ಈಗ ನಮ್ಮ ಬದುಕೆಲ್ಲ ಆ ಗೋಡೆಯ ಲೆಕ್ಕದಲ್ಲೇ ನಡೆಯುತ್ತದೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಯಾವ ಊರು ಎಂದು ಕೇಳುತ್ತೇವೆ, ಲೋಟ ಎಷ್ಟು ತುಂಬಬೇಕೆಂದು ಗೊತ್ತಾಗಲಿ ಎಂದು. ಹೆಚ್ಚು ಪಾಲಿನ ಊರಿನವರು ಬಟ್ಟೆ ಒಗೆದು ಬೀದಿಯ ಕಡೆಗೇ ಒಣಹಾಕುತ್ತಾರೆ, ನಾಲ್ಕು ಜನ ನೋಡಲಿ ಎಂದು. ಕಡಿಮೆ ಪಾಲಿನವರು ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಒರೆಸಿಡುತ್ತಾರೆ. ಗೋಡೆಯಲ್ಲಿ ಕವಲಿಹಾಳದ ಮುಂದೆ ಸೊನ್ನೆ ಇದೆ. ಅಲ್ಲಿಯವರಿಗೆ ಪಾಲಿಲ್ಲ. ಎಲ್ಲರೂ ತುಂಬಿಕೊಂಡು ಹೋದ ಮೇಲೆ ಹೊಂಡದ ತಳದಲ್ಲಿ ಉಳಿದ ರಾಡಿಯನ್ನು ಅವರಿಗೆ ಬಿಡುತ್ತೇವೆ. ಅದಕ್ಕೆ ‘ದಯೆ ನೀರು’ ಎಂದು ಹೆಸರಿಟ್ಟಿದ್ದೇವೆ. ಹೆಸರಿಡುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಕವಲಿಹಾಳಕ್ಕೆ ಯಾರೂ ಹೆಣ್ಣು ಕೊಡುವುದಿಲ್ಲ. ಮಂಡಳಿಯ ಕಚೇರಿಯಲ್ಲಿ ಅವರನ್ನು, ವಯಸ್ಸು ಎಷ್ಟೇ ಆಗಿರಲಿ, ಏಕವಚನದಲ್ಲೇ ಮಾತನಾಡಿಸುತ್ತೇವೆ. ಮಳೆರಾಯನೇ ಕಾಲಿಡದ ಊರು, ಏನು ಕರ್ಮ ಮಾಡಿದ್ದರೋ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು, ನಾನೂ ನಂಬಿದ್ದೆ.

ವರ್ಷಕ್ಕೊಮ್ಮೆ ಗೋಡೆಯ ಮುಂದೆ ‘ಓದು’ ನಡೆಯುತ್ತದೆ. ನಾನು ಊರಿನ ಹೆಸರು, ಅಂಕಿ ಓದುತ್ತೇನೆ. ಆ ಊರಿನ ಹಿರಿಯರು ಎದ್ದು ನಿಂತು ‘ಒಪ್ಪಿದೆವು’ ಎನ್ನಬೇಕು. ಕವಲಿಹಾಳದ ಪರವಾಗಿ ಎದ್ದು ನಿಲ್ಲುವವರು ಫಕೀರವ್ವ. ಅರವತ್ತು ದಾಟಿದ, ಬಡಕಲು ಮೈಯ, ಗಟ್ಟಿ ದನಿಯ ಹೆಂಗಸು. ನಾನು ‘ಸೊನ್ನೆ’ ಎಂದಾಗ ಸುತ್ತಲಿನವರು ಕಿಸಕ್ಕನೆ ನಗುತ್ತಾರೆ. ಅವರು ನೇರ ನನ್ನ ಮುಖ ನೋಡಿಕೊಂಡೇ ಒಪ್ಪಿದೆವು ಎನ್ನುತ್ತಾರೆ. ಇದು ಅವರ ತಾಯಿ, ಅಜ್ಜಿಯರ ಕಾಲದಿಂದ ನಡೆದು ಬಂದದ್ದು.

ಈಗ ಷರಾ ಅವರ ಕತೆ ಹೇಳಬೇಕು. ನಿಮ್ಮ ಮಳೆಯ ತಖ್ತೆಗಳಲ್ಲಿ ಕೊನೆಯ ಅಂಕಣದ ತಲೆಯ ಮೇಲೆ ‘ಷರಾ’ ಎಂದಿದೆ. ಅದೊಬ್ಬ ಮನುಷ್ಯನ ಹೆಸರೆಂದು ನಮ್ಮ ಹಿರಿಯರು ತಿಳಿದರು. ಮಳೆ ಅಳೆದು ಸಾಕ್ಷಿ ಹಾಕಿದ ಮಹಾನುಭಾವ ಷರಾ! ಗೋಡೆಯ ಪಕ್ಕದಲ್ಲಿ ಅವರದೊಂದು ಪ್ರತಿಮೆಯಿದೆ, ಕೈಯಲ್ಲಿ ಅಳತೆಯ ಗಾಜಿನ ಲೋಟ. ಮಕ್ಕಳು ಪಾಠದಲ್ಲಿ ಅವರ ಜೀವನಚರಿತ್ರೆ ಓದುತ್ತಾರೆ. ಆ ಅಂಕಣದಲ್ಲಿ ‘ರಜೆ’ ಎಂದಿದ್ದರೆ ಷರಾ ಅವರು ಊರಿಗೆ ಹೋಗಿದ್ದರು, ‘ಜ್ವರ’ ಎಂದಿದ್ದರೆ ಮಲಗಿದ್ದರು. ಅಷ್ಟು ದೊಡ್ಡವರ ಸ್ವಂತ ವಿಷಯವನ್ನು ಗೋಡೆಗೆ ಹಾಕುವುದು ಮರ್ಯಾದೆಯಲ್ಲ ಎಂದು ಆ ಅಂಕಣವನ್ನು ಕೆತ್ತಿಸಲಿಲ್ಲ.

ಹೋದ ವರ್ಷ ನನ್ನ ಕೈಗೆ ಬೇರೊಂದು ಕಟ್ಟು ಸಿಕ್ಕಿತು. ಅದು ನಿಮ್ಮ ಯಾವುದೋ ಕಚೇರಿಯ ಪೀಠೋಪಕರಣಗಳ ವಿವರ. ‘ಕುರ್ಚಿ, ಮರದ್ದು. ಷರಾ: ಒಂದು ಕಾಲು ಮುರಿದಿದೆ.’ ಅಯ್ಯೋ ಪಾಪ, ಕುರ್ಚಿಯಿಂದ ಬಿದ್ದರೇ ಎಂದು ಮರುಗಿದೆ. ನಂಬಿ, ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಮುಂದಿನ ಸಾಲಿನಲ್ಲಿ ‘ಗಡಿಯಾರ. ಷರಾ: ನಿಂತಿದೆ.’ ಒಬ್ಬ ಮನುಷ್ಯ ಇಷ್ಟೆಲ್ಲ ಆಗಲಾರ. ಷರಾ ಎಂದರೆ ಪಕ್ಕದಲ್ಲಿ ಬರೆದಿಡುವ ಟಿಪ್ಪಣಿ, ಅಷ್ಟೇ. ಓಡಿ ಹೋಗಿ ಕವಲಿಹಾಳದ ಮೂಲ ತಖ್ತೆ ತೆಗೆದೆ. ಮಳೆಯ ಅಂಕಣದಲ್ಲಿ ಸೊನ್ನೆ ಇರಲಿಲ್ಲ. ಒಂದು ಗೀಟು ಇತ್ತು. ಷರಾದಲ್ಲಿ ‘ಮಾಪಕದ ಬೀಗದ ಕೈ ಸಿಕ್ಕಿಲ್ಲ, ಅಳೆದಿಲ್ಲ’ ಎಂದು ಬರೆದಿತ್ತು. ಮುಂದಿನ ವರ್ಷ ಗೀಟು, ‘ಮೇಲಿನಂತೆ’. ಅದರ ಮುಂದಿನ ವರ್ಷವೂ ಮೇಲಿನಂತೆ. ತಖ್ತೆ ಮುಗಿಯುವವರೆಗೂ ಅದೇ. ಕಲ್ಲಿನಲ್ಲಿ ಗೀಟು ಕೆತ್ತಿದರೆ ಬಿರುಕು ಬಿಟ್ಟಂತೆ ಕಾಣುತ್ತದೆ ಎಂದು ಕಲ್ಲುಕುಟಿಗರು ತಕರಾರು ತೆಗೆದರಂತೆ. ಏನೂ ಇಲ್ಲ ಅಂದರೆ ಸೊನ್ನೆ ತಾನೇ ಎಂದು ಮಂಡಳಿ ಒಪ್ಪಿಗೆ ಕೊಟ್ಟಿತು. ಅದನ್ನೂ ಮಂಡಳಿಯ ನಡಾವಳಿಯಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿಟ್ಟಿದ್ದಾರೆ.

ಗೋಡೆ ಚೆನ್ನಾಗಿ ಕಾಣಲಿ ಎಂದು ಒಂದು ಊರಿನ ಬಾಯಿ ಒಣಗಿಸಿದೆವು. ಇದನ್ನು ಬರೆಯುವಾಗ ನನಗೆ ತಲೆ ಎತ್ತಲಾಗುತ್ತಿಲ್ಲ. ನಾವು ಓದುವುದೇ ಕಸುಬಾದ ಜನ. ಓದಲು ಬಾರದವರು ಮಾಡಿದ ತಪ್ಪಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮಂಡಳಿಯ ಹಿರಿಯರಾದ ಚೆನ್ನವೀರಯ್ಯನವರ ಮುಂದೆ ತಖ್ತೆ ಇಟ್ಟೆ. ಅವರು ಕೆಟ್ಟವರಲ್ಲ. ಬಹಳ ಹೊತ್ತು ನೋಡಿ ಬೆವರು ಒರೆಸಿಕೊಂಡರು. ಆಮೇಲೆ ಅವರು ಹೇಳಿದ್ದು ಇದು: “ಸೊನ್ನಿ ಇದ್ದಾಗ ಸೊನ್ನಿ ಅಂತನಾದ್ರೂ ಇತ್ತವ್ವಾ. ಈಗ ಎಷ್ಟಂತ ಕೊಡೂದು?” ಕಾನೂನಿನ ಪ್ರಕಾರ ಅಂಕಿ ಇಲ್ಲದೆ ಪಾಲಿಲ್ಲ. ಹೊಸದಾಗಿ ವಾಡಿಕೆ ಕಟ್ಟಬೇಕೆಂದರೆ ಮೂವತ್ತು ವರ್ಷ ಅಳೆಯಬೇಕು. ಆ ಮೂವತ್ತರ ಲೆಕ್ಕ ನಿಮ್ಮಿಂದಲೇ ಬಂದದ್ದು. ಅಕ್ಕಪಕ್ಕದ ಊರುಗಳ ಅಂಕಿ ನೋಡಿ ಅಂದಾಜು ಮಾಡೋಣ ಎಂದು ಕೇಳಿಕೊಂಡೆ. ಒಂದು ಊರಿಗೆ ಅಂದಾಜು ಮಾಡಿದರೆ ನಾಳೆ ಎಲ್ಲರೂ ಅಂದಾಜು ಕೇಳುತ್ತಾರೆ ಎಂದರು. ಕೊನೆಗೆ ಸೊನ್ನೆಯ ಮೇಲೆ ಗಾರೆ ಬಳಿದು ಗೀಟು ಎಳೆಯಲು ಮಾತ್ರ ಒಪ್ಪಿದರು. ನೀರು ಮೊದಲಿನಂತೆಯೇ.

ಫಕೀರವ್ವನವರಿಗೆ ತಿಳಿಸಲು ನಾನೇ ಕವಲಿಹಾಳಕ್ಕೆ ಹೋದೆ. ಮೊದಲ ಸಲ ಅವರನ್ನು ‘ನೀವು’ ಎಂದೆ. ತಮ್ಮ ಹಿಂದೆ ಯಾರಾದರೂ ಬಂದು ನಿಂತಿದ್ದಾರೆಯೇ ಎಂದು ಅವರು ತಿರುಗಿ ನೋಡಿದರು. ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. “ಹಂಗಾರ ನಮ್ಮೂರಾಗೂ ಮಳಿ ಆಗಿತ್ತೇನ್ರೀ ಅಕ್ಕಾರ?” ಎಂದು ಕೇಳಿದರು.

ಆಗಿರಬೇಕು ಎಂದೆ. ಸುತ್ತಲಿನ ಊರುಗಳಲ್ಲೆಲ್ಲ ಆಗಿದೆ.

“ಆಗಿರಬೇಕು ಅನಬ್ಯಾಡ್ರಿ. ಆಗಿತ್ತೋ ಇಲ್ಲೋ, ಅಷ್ಟ ಹೇಳ್ರಿ. ನಮ್ಮವ್ವ ಸಾಯೂ ಮುಂದ ಕೇಳಿದ್ಲು, ನಾವೇನ್ ಪಾಪ ಮಾಡಿದ್ವಿ ಫಕೀರಿ, ನಮ್ಮೂರ ಮ್ಯಾಲೆ ಒಂದ್ ಹನಿ ಬೀಳಲಿಲ್ಲಲ್ಲ ಅಂತ. ಆಕಿಗೆ ಏನ್ ಹೇಳ್ಲಿ?”

ಗೊತ್ತಿಲ್ಲ ಎಂದೆ. ನನ್ನ ಹತ್ತಿರ ಇದ್ದ ಸತ್ಯ ಅಷ್ಟೇ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಂದು ಲೋಟ ನೀರು ತಂದರು. ತುಂಬಿದ ಲೋಟ. ನನ್ನ ಊರು ಯಾವುದೆಂದು ಕೇಳಲಿಲ್ಲ. ಲೋಟದ ತಳ ಕಾಣುವವರೆಗೆ ಕುಡಿದೆ.

ಮೊನ್ನೆ ಓದು ನಡೆಯಿತು. ಕವಲಿಹಾಳ ಎಂದೆ, ಆಮೇಲೆ ‘ಅಳೆದಿಲ್ಲ’ ಎಂದೆ. ಯಾರೂ ನಗಲಿಲ್ಲ. ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ನಮ್ಮ ಪದ್ಧತಿಯಲ್ಲಿ ಇಲ್ಲ. ಫಕೀರವ್ವ ಎದ್ದು ನಿಂತರು. ಆಮೇಲೆ, ಗೋಡೆಗೆ ಹೇಳುವಂತೆ, “ಹಂಗಾರ ಅಳೀರಿ” ಎಂದರು. ಅಷ್ಟೇ ಹೇಳಿ ಕುಳಿತರು.

ನಾವು ಅಳೆಯಲು ಶುರುಮಾಡಿದ್ದೇವೆ. ಆದರೆ ನಮ್ಮ ಮೂವತ್ತು ವರ್ಷ ಮುಗಿಯುವವರೆಗೆ ಅವರು ಇರುವುದಿಲ್ಲ. ನಿಮ್ಮ ಮೂವತ್ತು ವರ್ಷಗಳು ಇನ್ನೂ ನಿಮ್ಮ ಕೈಯಲ್ಲಿವೆ. ಅದಕ್ಕೇ ಈ ಪತ್ರ. ಇದನ್ನು ಹಳೆಯ ತಖ್ತೆಗಳ ಪೆಟ್ಟಿಗೆಯಲ್ಲೇ ಇಡುತ್ತೇನೆ. ಆ ಕಾಗದಗಳು ನಿಮ್ಮಿಂದ ನಮ್ಮವರೆಗೆ ಬಂದಿವೆ, ಇದೊಂದು ಹಿಂದಕ್ಕೆ ಹೋದೀತು ಎಂಬ ಹುಚ್ಚು ಆಸೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಅಳೆಯದಿದ್ದರೂ ಅಳೆದಿಲ್ಲ ಎಂದು ಬರೆದಿರಿ. ಆ ಪ್ರಾಮಾಣಿಕತೆಯನ್ನು ಅಳಿಸಿದವರು ನಾವು. ಆದರೂ ಕೈಮುಗಿದು ಕೇಳುತ್ತೇನೆ: ಬೀಗದ ಕೈ ಹುಡುಕಿ. ಸಿಗದಿದ್ದರೆ ಬೀಗ ಒಡೆಯಿರಿ. ಮಾಪಕ ತುಕ್ಕು ಹಿಡಿದಿದ್ದರೆ ಅಂಗಳದಲ್ಲಿ ಒಂದು ಬಕೆಟ್ ಇಟ್ಟು ಅಳೆಯಿರಿ, ಬಕೆಟ್ ಎಂದೇ ಷರಾ ಬರೆಯಿರಿ. ಮೇಲಿನಂತೆ ಎಂದು ಮಾತ್ರ ಬರೆಯಬೇಡಿ.

ನೀವು ಬರೆದ ದಿನ ನಮ್ಮ ಗೋಡೆಯ ಮೇಲೆ ಅಂಕಿ ಇರಬೇಕು, ಮೊದಲಿನಿಂದಲೂ ಇದ್ದಂತೆಯೇ. ಆಗ ನನಗೆ ಈ ಪತ್ರ ಬರೆದ ನೆನಪೂ ಇರಲಾರದು, ಈ ನಾಚಿಕೆಯೂ ಇರಲಾರದು. ಎರಡನ್ನೂ ಕಳೆದುಕೊಳ್ಳಲು ತಯಾರಿದ್ದೇನೆ. ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಗೋಡೆಯ ಹತ್ತಿರ ಹೋಗುತ್ತೇನೆ. ಅಷ್ಟರಲ್ಲಿ, ಈ ಪತ್ರದ ವಿಷಯ ನನ್ನಿಂದ ಕೇಳಿದ ಫಕೀರವ್ವ ಬಂದು ನಿಂತಿರುತ್ತಾರೆ. ಈಗಷ್ಟೇ ಇಬ್ಬರೂ ನೋಡಿ ಬಂದೆವು. ಇನ್ನೂ ಗೀಟೇ ಇದೆ.