ದೋಣಿಗೆ ಗಾಲಿಕುರ್ಚಿ ಕಟ್ಟಿಸಿದವರಿಗೆ

ನದಿ ಸುರಕ್ಷತೆಯ ಮಾನ್ಯ ನಿರ್ದೇಶಕರೇ,

ತಮ್ಮ ಹೊಸ ನಿಯಮದಂತೆ ನನ್ನ ಪ್ರಾಣ ಕಾಪಾಡಬೇಕಿದ್ದ ಗಾಲಿಕುರ್ಚಿ ಈಗ ಲುಹಾನ್ ನದಿಯ ತಳದಲ್ಲಿದೆ. ಅದನ್ನು ಅಲ್ಲಿಗೆ ಕಳುಹಿಸಿದವರು ತಾವು; ನದಿಗೆ ಕಸ ಎಸೆದಳೆಂಬ ದಂಡ ಮಾತ್ರ ನನಗೆ. ಖಾಸಗಿಯಾಗಿ ಬರೆದರೆ ಯಾರದೋ ಕುಚೇಷ್ಟೆಯೆಂದು ತಮ್ಮ ಕಚೇರಿ ಮೂಲೆಗೆಸೆದೀತು. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಪರಾನಾ ನದಿಯ ದ್ವೀಪದವಳು. ನಮ್ಮಲ್ಲಿ ಮಕ್ಕಳು ಶಾಲೆಗೆ ಹೋಗುವುದೂ ದೋಣಿಯಲ್ಲೇ, ಹೆಣ ಸ್ಮಶಾನಕ್ಕೆ ಹೋಗುವುದೂ ದೋಣಿಯಲ್ಲೇ. ಹತ್ತೊಂಬತ್ತರ ವಯಸ್ಸಿನಲ್ಲಿ ಸರಕುದೋಣಿಯಿಂದ ಮರದ ದಿಮ್ಮಿಗಳು ಉರುಳಿ ನನ್ನ ಬೆನ್ನುಮೂಳೆ ಮುರಿಯಿತು. ಸೊಂಟದ ಕೆಳಗೆ ಸ್ಪರ್ಶವೇ ಉಳಿಯಲಿಲ್ಲ. ವರ್ಷವಿಡೀ ಗೋಡೆ ನೋಡುತ್ತ ಮಲಗಿದ್ದೆ. ಒಂದು ಬೆಳಿಗ್ಗೆ ಅಮ್ಮ ಓಫೇಲಿಯಾ ಕಷಾಯ ಕುಡಿಯುವ ಸೋರೆಬುರುಡೆಯನ್ನು ಮೇಜಿಗೆ ಕುಕ್ಕಿ, "ಸಾಕು ಕಣೇ ಅತ್ತಿದ್ದು! ಕಾಲಿದ್ದಾಗ ಈ ದ್ವೀಪದಲ್ಲಿ ಎಲ್ಲಿಗೆ ನಡ್ಕೊಂಡ್ ಹೋಗ್ತಿದ್ದೆ, ಹೇಳು? ಕೋಳಿಗೂಡಿಗೆ! ಏಳು, ಹುಟ್ಟು ಹಿಡಿ," ಎಂದಳು. ಏಳಲಾರದವಳಿಗೆ ಏಳು ಎಂದೆನಲ್ಲಾ ಎಂದು ಅವಳಿಗೇ ನಗು ಬಂತು. ನಾನೂ ನಕ್ಕೆ. ಬೆನ್ನಿಗೊಂದು ಹಲಗೆ, ಎದೆಗೊಂದು ಪಟ್ಟಿ ಕಟ್ಟಿ ಅಕ್ಕಪಕ್ಕದವರು ನನ್ನನ್ನು ದೋಣಿಗಿಳಿಸಿದರು. ಬರೀ ತೋಳು, ಭುಜದ ಬಲದಲ್ಲಿ ಆಮೇಲೆ ಅಂಗವಿಕಲರ ದೋಣಿಸ್ಪರ್ಧೆಯ ದೇಶದ ತಂಡ ಸೇರಿದೆ, ಖಂಡಮಟ್ಟದ ಪದಕಗಳನ್ನೂ ತಂದೆ. ದಡದಲ್ಲಿ ನನ್ನನ್ನು 'ಪಾಪ' ಎನ್ನುವವರು ನೀರಿನಲ್ಲಿ ನನ್ನ ಬೆನ್ನು ನೋಡುತ್ತಿದ್ದರು.

ಈ ವರ್ಷ ತಂಡದಲ್ಲಿದ್ದದ್ದು ಒಂದೇ ಸ್ಥಾನ. ಲುಹಾನ್ ನದಿಯಲ್ಲಿ ಅಂತಿಮ ಸ್ಪರ್ಧೆ ನನಗೂ ರೊಸಾರಿಯೋ ಊರಿನ ಯಾನಿನಾಗೂ. ನನಗೀಗ ನಲವತ್ತೊಂದು, ಇದೇ ಕೊನೆಯ ಅವಕಾಶ. ದೋಣಿ ಬಿಡುವ ಹೊತ್ತಿಗೆ ತಮ್ಮ ತಪಾಸಣಾಧಿಕಾರಿ ಬಂದರು.

"ಮೇಡಂ, ಕುರ್ಚಿ ಎಲ್ಲಿ?"

"ದಡದಲ್ಲಿದೆ."

"ಅಂಗವಿಕಲರು ಚಲನಾ ಸಾಧನ ಇಲ್ದೆ ನೀರಿಗಿಳಿಯೋ ಹಾಗಿಲ್ಲ. ದೋಣಿ ಮಗುಚಿದ್ರೆ?"

"ಈಜಿ ದಡ ಸೇರ್ತೀನಿ."

"ಸೇರಿದ್ಮೇಲೆ?"

"ಕುರ್ಚಿ ಅಲ್ಲೇ ಇರುತ್ತಲ್ಲ ಸ್ವಾಮಿ!"

"ಆ ಕಡೆ ದಡ ಸೇರಿದ್ರೆ?"

ಮಾನ್ಯರೇ, ದಡ ಬಿಟ್ಟರೂ ಕುರ್ಚಿ ಬಿಡಬಾರದೆಂಬ ವಿವೇಕ ಅಧಿಕಾರಿಗಳಿಗಲ್ಲದೆ ಮತ್ತಾರಿಗೆ ಹೊಳೆದೀತು? ಯಾನಿನಾ ಒಂದು ಕಾಲು ಕಳೆದುಕೊಂಡವಳು. ಅವಳು ಊರುಗೋಲುಗಳನ್ನು ಬಗಲಿಗೆ ಸಿಕ್ಕಿಸಿಕೊಂಡು, "ಅಕ್ಕಾ, ನಂಗೆ ಎರಡು ಹುಟ್ಟು ಹೆಚ್ಚಿಗೆ ಬಂತು, ನಾನೇ ಗೆಲ್ತೀನಿ ನೋಡು," ಎಂದು ಕೆಣಕಿದಳು. ನನ್ನ ಸೊಂಟದಷ್ಟೇ ಅಗಲದ ದೋಣಿಯ ಹಿಂಬದಿಗೆ ಮಡಚಿದ ಕುರ್ಚಿಯನ್ನು ಹಗ್ಗದಿಂದ ಬಿಗಿದರು. ದೋಣಿಯ ಮೂತಿ ಆಕಾಶ ನೋಡಿತು.

ಅರ್ಧ ದಾರಿಯವರೆಗೂ ನಾನೇ ಮುಂದಿದ್ದೆ. ಅಷ್ಟರಲ್ಲಿ ಪ್ರಯಾಣಿಕರ ಲಾಂಚೊಂದು ಹಾದುಹೋಯಿತು. ಅದರ ಅಲೆಗೆ ಕುರ್ಚಿ ಎಡಕ್ಕೆ ವಾಲಿತು, ಅದರ ಹಿಂದೆಯೇ ದೋಣಿ, ದೋಣಿಯೊಡನೆ ನಾನು. ನೀರೊಳಗೆ ಪಟ್ಟಿ ಬಿಚ್ಚಿಕೊಂಡೆ. ಹಗ್ಗ ಕಳಚಿದ ಕುರ್ಚಿ ತಳ ಸೇರಿತು. ಮೇಲೆ ಬಂದು ದೋಣಿಯನ್ನು ತಬ್ಬಿದಾಗ ಯಾನಿನಾ ಗೆಲುವಿನ ಗೆರೆ ಮರೆತು ನನ್ನ ಪಕ್ಕಕ್ಕೆ ಬಂದಿದ್ದಳು.

"ಹೋಗೇ, ಹೋಗು! ನಾನು ಸಾಯಲ್ಲ!" ಎಂದು ಕೂಗಿದೆ.

"ಬಾಯ್ಮುಚ್ಚು. ನೀರು ಕುಡೀತೀಯ," ಎಂದು ತನ್ನ ದೋಣಿಯಿಂದಲೇ ನನ್ನ ಅಂಗಿ ಹಿಡಿದುಕೊಂಡಳು.

ಇಬ್ಬರೂ ಗುರಿ ಮುಟ್ಟಲಿಲ್ಲ. ತಮ್ಮ ಶಿಫಾರಸಿನ ಮೇರೆಗೆ ತಂಡದ ಸ್ಥಾನವನ್ನು 'ಸೂಕ್ತ ಅಭ್ಯರ್ಥಿ ದೊರೆತಿಲ್ಲ' ಎಂದು ಖಾಲಿ ಬಿಡಲಾಯಿತು. ಮುಳುಗುವವಳನ್ನು ಬಿಟ್ಟುಹೋಗಿದ್ದರೆ ಯಾನಿನಾ ಸೂಕ್ತಳಾಗುತ್ತಿದ್ದಳೇ? ಈಗ ನನ್ನನ್ನು ಅಂಗಳದಲ್ಲಿ ಅತ್ತಿಂದಿತ್ತ ಒಯ್ಯುವುದು ಅಮ್ಮ ಕಿತ್ತಳೆ ಹೇರುವ ತಳ್ಳುಗಾಡಿ. ಅದನ್ನೂ ದೋಣಿಗೆ ಕಟ್ಟಬೇಕೆ? ದಯವಿಟ್ಟು ತಿಳಿಸಿ.

ಕಳೆದ ಭಾನುವಾರ ಯಾನಿನಾ ನಮ್ಮ ದ್ವೀಪಕ್ಕೆ ಬಂದಳು. ಅರ್ಧಕ್ಕೆ ನಿಂತಿದ್ದ ಸ್ಪರ್ಧೆಯನ್ನು ಮುಗಿಸಿದೆವು. ಕುರ್ಚಿಯಿಲ್ಲ, ಕೋಲಿಲ್ಲ, ನಿಯಮವಿಲ್ಲ. ಅಮ್ಮನ ಅಡುಗೆಮನೆಯ ಬಟ್ಟೆಯೇ ಗೆಲುವಿನ ಗೆರೆಯ ಬಾವುಟ. ನನ್ನಲ್ಲಿದ್ದ ಬಲವನ್ನೆಲ್ಲ ಸುರಿದೆ. ಯಾನಿನಾ ಒಂದು ದೋಣಿಯುದ್ದ ಮುಂದೆ ಮುಟ್ಟಿದಳು. ಅಮ್ಮ ನನ್ನ ಮುಖ ನೋಡಿ, "ಮೀನು ಹುರೀತೀನಿ, ಇಬ್ರೂ ಬನ್ನಿ," ಎಂದಷ್ಟೇ ಹೇಳಿದಳು.

ಹಾಗಾಗಿ ನನ್ನ ಬೇಡಿಕೆ ನನಗಾಗಿ ಅಲ್ಲ. ಆ ನಿಯಮ ಹರಿದುಹಾಕಿ, ಯಾನಿನಾಳನ್ನು ಕಳುಹಿಸಿ. ದ್ವೀಪದವರೆಲ್ಲ ಸಾಕ್ಷಿ: ನಾನು ಸೋತಿದ್ದೇನೆ.

ಇಂತಿ,
ಸೂಕ್ತಳಲ್ಲದ, ಆದರೆ ನ್ಯಾಯವಾಗಿ ಸೋತ
ಎಡೆಲ್ಮಿರಾ ಬಾರ್ರಿಯೋಸ್