ಸಂಪೂ ಹೂಂ ಅನ್ನಬೇಕು, ಟ್ಯಾಂಕೂ ಹೂಂ ಅನ್ನಬೇಕು

ಉಲ್ಲಾಳ, ಬೆಂಗಳೂರು
೧೬ ಜೂನ್ ೨೦೨೫, ಸೋಮವಾರ

ಮುದ್ದಿನ ಮೊಮ್ಮಗಳು ಅನುಗೆ,

ಎಲೇ ಮೂದೇವಿ, ಫೋನ್ ಮಾಡಿದರೆ ಕಟ್ ಮಾಡುತ್ತೀಯಲ್ಲ, ಈಗ ಈ ಕಾಗದ ಕಟ್ ಮಾಡು ನೋಡೋಣ. ಅಪ್ಪ ಒಂದು ಮಾತು ಬೈದ ಅಂತ ಕುಣಿಗಲ್ಲಿನ ಸೋದರಮಾವನ ಮನೆಗೆ ಓಡಿಹೋಗುವುದನ್ನೇ ಡಿಪ್ಲೊಮಾದಲ್ಲಿ ಕಲಿಸಿದರಾ? ಶೀತ ವಾಸಿಯಾಯಿತೇ? ಮೊಸರು ಮುಟ್ಟಬೇಡ ಅಂದರೆ ಕೇಳುವವಳಲ್ಲ ನೀನು. ಅತ್ತೆಯ ಮಂಡಿನೋವು ಹೇಗಿದೆ? ನನ್ನ ಕಣ್ಣು ಚೆನ್ನಾಗಿಯೇ ಇದೆ. ಅಕ್ಷರ ಸೊಟ್ಟಗಿದ್ದರೆ ಅದು ಮೂರನೇ ಕ್ಲಾಸಿಗೇ ಬಿಡಿಸಿದವರ ತಪ್ಪು.

ಈಗ ಸುದ್ದಿ ಕೇಳು. ಟ್ಯಾಂಕು ಖಾಲಿಯಾದರೆ ತಾನಾಗಿ ನೀರು ಹತ್ತಿಸಲಿ ಅಂತ ನೀನು ಮಾಡಿದ ಮೋಟಾರಿನ ಡಬ್ಬಿ ಕೆಟ್ಟಿರಲಿಲ್ಲ. ಅವತ್ತು ನೆಂಟರು ಬಂದಾಗ ನಲ್ಲಿಯಲ್ಲಿ ಹನಿ ನೀರಿಲ್ಲದೆ, ನಿನ್ನಪ್ಪ ಮಹದೇವ ಎಲ್ಲರ ಮುಂದೆ "ಆಟದ ಸಾಮಾನು ಮಾಡೋಕೆ ನಿನ್ನ ಕಾಲೇಜಿಗೆ ಕಳಿಸ್ಬೇಕಾ? ಎಲೆಕ್ಟ್ರಾನಿಕ್ಸ್ ಸಾಕು, ಕಾಮರ್ಸ್ ಸೇರ್ಕೋ" ಅಂದ. ನೀನೂ "ಸೇರ್ಕೋತೀನಿ ಬಿಡಿ" ಅಂತ ಮೂರನೇ ವರ್ಷದ ಫಾರಂ ಎಸೆದು ಹೋದೆ. ಅವನು ಮೋಟಾರಿಗೆ ನೇರ ಕರೆಂಟು ಕೊಟ್ಟು, ನಿನ್ನ ಡಬ್ಬಿ ಕಿತ್ತುಹಾಕಲು ಸೋಮವಾರ ಬಾ ಅಂತ ಎಲೆಕ್ಟ್ರಿಷಿಯನ್ ಶಿವಯೋಗಿಗೆ ಹೇಳಿದ. ಕೀಳುವ ಮೊದಲು ನಾನೂ ಒಂದು ಸಲ ನೋಡೋಣ ಅಂತ ಶನಿವಾರ ಟ್ಯಾಂಕು ಖಾಲಿಯಾದಾಗ ಡಬ್ಬಿಯ ಸ್ವಿಚ್ಚನ್ನೇ ಹಾಕಿದೆ. ಮೋಟಾರು ಉಸಿರೆತ್ತಲಿಲ್ಲ.

ನೀನು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಕೂತೆ. ಡಬ್ಬಿಯೊಳಗೆ ಗೇಟು ಇದೆ ಅಂದಿದ್ದೆ, ಎಲ್ಲಿದೆಯೇ ಅಂದರೆ ಜಿರಲೆಯಂಥ ಕರೀ ಚೂರು ತೋರಿಸಿದ್ದೆ. ಜಿರಲೆಗೆ ಆರು ಕಾಲು, ಇದಕ್ಕೆ ಹದಿನಾಲ್ಕು, ಎಣಿಸಿದ್ದೇನೆ. ಅದರೊಳಗೆ ಕರೆಂಟು ಹೋಗುವ ದಾರಿಗೆ ಒಂದರ ಹಿಂದೊಂದು ಎರಡು ಬಾಗಿಲು, ಎರಡೂ ತೆರೆದರೆ ಮಾತ್ರ ಆಚೆ ದಾಟುತ್ತದೆ ಅಂದಿದ್ದೆ. ನಮ್ಮಲ್ಲಿ ಹೆಣ್ಣು ಕೊಡುವಾಗ ಅಪ್ಪನೂ ಹೂಂ ಅನ್ನಬೇಕು, ಸೋದರಮಾವನೂ ಹೂಂ ಅನ್ನಬೇಕು, ಒಬ್ಬ ತಲೆಯಾಡಿಸಿದರೂ ತಾಂಬೂಲವಿಲ್ಲ, ಹಾಗೇ ತಾನೇ? ಬಾಗಿಲುಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದೊಂದು ತೆರೆದರೂ ಸಾಕು, ಅದು ಬೇರೆ ಗೇಟು. ನಮ್ಮದು ಮೊದಲನೆಯದು. ನೀರಿದೆಯೋ ಇಲ್ಲವೋ ತಿಳಿಯಲು ನೀನು ನೆಲದಡಿಯ ಸಂಪಿಗೆ ಇಳಿಬಿಟ್ಟ ಕಡ್ಡಿಗಳು ನೀರಲ್ಲಿದ್ದರೆ ಹೂಂ. ಟ್ಯಾಂಕಿನ ಕಡ್ಡಿಗಳೂ ನೀರು ಮುಟ್ಟಿದರೆ ಹೂಂ ಅನ್ನುತ್ತವೆ, ಆದರೆ ನಡುವೆ ಕೂತ ಇನ್ನೊಂದು ಚೂರು ಅದನ್ನು ಊಹೂಂ ಮಾಡಿ ಕಳಿಸುತ್ತದೆ, ಊಹೂಂ ಅಂದರೆ ಹೂಂ ಮಾಡುತ್ತದೆ. ಥೇಟು ನಮ್ಮ ಬೀಗಿತ್ತಿ.

ಟ್ಯಾಂಕು ಖಾಲಿ, ಅಲ್ಲಿಂದ ಹೂಂ ಬಂದೇ ಇರಬೇಕು. ಹಾಗಾದರೆ ಒಲ್ಲೆ ಅನ್ನುತ್ತಿರುವುದು ಸಂಪು. ಮುಚ್ಚಳ ಎತ್ತಿದರೆ ನೀರು ತುಂಬಿ ತುಳುಕುತ್ತಿದೆ, ನಿನ್ನ ಕಡ್ಡಿಗಳು ಮಾತ್ರ ಮೇಲೆ ಮೊಳೆಗೆ ನೇತುಬಿದ್ದು ಒಣಗಿವೆ! ಬಾಡಿಗೆ ಮನೆಯ ಹೊನ್ನವ್ವನನ್ನು ಕರೆದು ಕಡ್ಡಿಗಳನ್ನು ನೀರಿಗೆ ಬಿಡಿಸಿದೆ. ಗುರ್ ಅಂತು ಮೋಟಾರು. ಎತ್ತಿದರೆ ನಿಂತಿತು. ಇಳಿಸಿದರೆ ಮತ್ತೆ ಗುರ್. ಐದು ಸಲ ಮಾಡಿಸಿದೆ. "ಸಾಕ್ರೀ ಯವ್ವಾ, ಮೋಟಾರ್ ಸುಟ್ಟೀತು" ಅಂದಳು. "ಸುಮ್ನಿರೇ, ನಾನು ಓದ್ತಾ ಇದೀನಿ" ಅಂದೆ.

ಅವತ್ತಿನಿಂದ ತಲೆಯಲ್ಲಿ ಅದೇ. ಫೋನಿನೊಳಗೆ ಇಂಥವು ಕೋಟಿಗಟ್ಟಲೆ ಇವೆ ಅಂದಿದ್ದೆ. ಬರೀ ಹೂಂ, ಊಹೂಂ ಸೇರಿ ನಿನ್ನ ಮುಖ ಹೇಗಾಗುತ್ತದೆ? ನೀನು ವೀಡಿಯೋದಲ್ಲಿ ಮೂತಿ ತಿರುವಿದರೆ ಎಷ್ಟು ಬಾಗಿಲು ಮುಚ್ಚಿಕೊಳ್ಳುತ್ತವೆ? ಮಹದೇವನನ್ನು ಕೇಳಿದರೆ "ಅಮ್ಮಾ, ಕಾಫಿ ಕೊಡು" ಅಂದ. ನೀನು ಕಾಮರ್ಸಿಗೆ ಹೋದರೆ ನಾನು ಯಾರನ್ನು ಕೇಳಲಿ? ತಿಳಿಯದೆ ಸಾಯಲು ನನಗೆ ಇಷ್ಟವಿಲ್ಲ.

ಅತ್ತೆಗೂ ಮಾವನಿಗೂ ಆಶೀರ್ವಾದ ಹೇಳು. ನಿನ್ನ ಸಿಟ್ಟು ಇಳಿಯಲಿ. ಬುದ್ಧಿ ಇರುವಷ್ಟೇ ಇರಲಿ, ಹೆಚ್ಚಾದರೆ ಹಿಡಿಯುವವರಿಲ್ಲ.

ನಿನ್ನ ಅಜ್ಜಿ
ಯಶೋದಮ್ಮ

ಮತ್ತೆ: ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಬರಲಿಲ್ಲ. ಆ ಕಡ್ಡಿಗಳನ್ನು ಮೊಳೆಗೆ ಸಿಕ್ಕಿಸಿದ್ದು ನಾನೇ. ನೆಂಟರು ಬರುತ್ತಾರೆಂದು ಸಂಪು ತೊಳೆಸುವಾಗ ಆಳಿನ ಕಾಲಿಗೆ ಸಿಕ್ಕೀತೆಂದು ಎತ್ತಿಟ್ಟು ಮರೆತೆ. ಶನಿವಾರ ಮೊಳೆ ನೋಡಿದಾಗಲೇ ನೆನಪಾಯಿತು, ಆದರೂ ಎರಡು ದಿನ ಬಾಯಿ ಬಿಡಲಿಲ್ಲ. ಮಗನ ಮುಂದೆ ತಪ್ಪು ಒಪ್ಪುವುದು ಕಷ್ಟ ಕಣೇ. ಇವತ್ತು ಶಿವಯೋಗಿ ಬಂದು ಡಬ್ಬಿಗೆ ಕೈ ಹಾಕಿದಾಗ ಹೇಳಿಬಿಟ್ಟೆ. ನಿನ್ನಪ್ಪ ಶಿವಯೋಗಿಯನ್ನು ವಾಪಸ್ಸು ಕಳಿಸಿ, ನಿನ್ನ ಫಾರಂ ಹುಡುಕಿ ಸಹಿ ಹಾಕಿ ನನ್ನ ಕೈಗಿಟ್ಟ. ಇದರ ಜೊತೆಯೇ ಮಡಿಸಿಟ್ಟಿದ್ದೇನೆ. ಕಾಲೇಜಿಗೆ ಕೊಡಲು ಮೂವತ್ತು ಕಡೇ ದಿನ. ಅಜ್ಜಿಯ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡು, ಅದಕ್ಕೆ ಎರಡು ದಿನ ಮೊದಲೇ ನಿನ್ನ ಸಹಿಯೂ ಉತ್ತರವೂ ನನ್ನ ಕೈ ಸೇರಬೇಕು.