ಸೋಮವಾರದ ಉಸಿರು

ಅನ್ನೂರು,
19 ಜುಲೈ 1983

ಪ್ರೀತಿಯ ನಮ್ಮವರಿಗೆ,

ನಿಮ್ಮ ಹೆಸರು ಬರೆಯೋಣವೆಂದು ಪೆನ್ನು ಎತ್ತಿದೆ, ನಾಚಿಕೆಯಾಗಿ ಬಿಟ್ಟೆ. ಮದುವೆಯಾಗಿ ಐದು ತಿಂಗಳಾದರೂ ಹೀಗೇ! ಆರೋಗ್ಯವಾಗಿದ್ದೀರಾ? ಅಹಮದಾಬಾದಿನಲ್ಲಿ ಸಾರಿಗೂ ಸಕ್ಕರೆ ಹಾಕುತ್ತಾರಂತೆ, ಪಾಪ ನೀವು. ನಾನು ಕಲಿಸಿದ ಕನ್ನಡ ಅಕ್ಷರ ಮರೆತಿಲ್ಲ ತಾನೇ? ನಿಧಾನವಾಗಿ, ಬೆರಳಿಟ್ಟು ಓದಿ. ನಿಮ್ಮ ನೀಲಿ ಷರ್ಟನ್ನು ಒಗೆಯದೆ ಹಾಗೇ ಇಟ್ಟುಕೊಂಡಿದ್ದೇನೆ. ಅತ್ತೆಗೆ ಹೇಳಬೇಡಿ.

ಅತ್ತೆಯ ವಿಷಯವೇ ಬರೆಯಬೇಕು. ಭಾನುವಾರ ನಮ್ಮ ಹತ್ತಿ ಶೆಡ್ಡಿಗೆ ರಜೆ, ಅವರಿಗೆ ಎಣ್ಣೆಸ್ನಾನ. ಸೋಮವಾರ ಸಂಜೆ ಎದೆ ಬಿಗಿದು ಉಸಿರಿಗೆ ಒದ್ದಾಟ. ಎಣ್ಣೆ ತಂಪು, ಅಮ್ಮನಿಗೆ ಆಗುವುದಿಲ್ಲ ಎಂದು ನೀವೇ ನನಗೆ ಹೇಳಿದ್ದಿರಿ. ಅದಕ್ಕೇ ನೀವು ರೈಲು ಹತ್ತಿದ ಮರುದಿನವೇ ಎಳ್ಳೆಣ್ಣೆ ಬಾಟಲಿಯನ್ನು ನನ್ನ ಟ್ರಂಕಿನಲ್ಲಿ, ಇಂಗ್ಲಿಷ್ ಕಾದಂಬರಿಗಳ ಕೆಳಗೆ ಬಚ್ಚಿಟ್ಟೆ. ಅತ್ತೆಯ ಪಕ್ಕದಲ್ಲಿ ಕೂತು ಹತ್ತಿ ಆರಿಸುವ ರಾಮಾತಾಳ್ ಶೆಡ್ಡಿಗೆಲ್ಲ ಕೇಳುವಂತೆ, "ಬೇರೆ ಸೊಸೇರು ಬೀಗದ ಕೈ ಕೇಳ್ತಾರೆ, ನಮ್ಮ ಜಾನಮ್ಮನ ಸೊಸೆ ಎಣ್ಣೆ ಬಾಟ್ಲಿ ಹಿಡ್ಕೊಂಡ್ಳು" ಎಂದು ನಗಾಡಿದಳು. ಆ ಭಾನುವಾರ ಎಣ್ಣೆ ಇಲ್ಲ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಅತ್ತೆ ಜಗಲಿಯ ಮೇಲೆ ಎದೆ ಹಿಡಿದು ಕೂತಿದ್ದರು.

ಆಮೇಲೆ ಕರೆಂಟ್ ಕಟ್ ಬಂದು ಶೆಡ್ ವಾರದ ಮೇಲೆ ಮುಚ್ಚಿತ್ತು. ಭಾನುವಾರ ಅತ್ತೆ ಹಟ ಮಾಡಿ ಬಾಟಲಿ ಇಸಿದುಕೊಂಡು ತಲೆತುಂಬ ಎಣ್ಣೆ ಒತ್ತಿಕೊಂಡು ಮಿಂದರು. ಸೋಮವಾರ ಏನೂ ಆಗಲಿಲ್ಲ! ಸಂತೆಗೆ ನಡೆದು ಹೋಗಿ, ದಾರಿಯುದ್ದಕ್ಕೂ ನನ್ನನ್ನು ಕೀಟಲೆ ಮಾಡುತ್ತಲೇ ಬಂದರು. ಹೋದ ವಾರ ಶೆಡ್ ತೆರೆಯಿತು, ಅದೇ ಸಂಜೆ ಉಸಿರು ಸಿಗದೆ ಅತ್ತೆಯ ಮಾತು ನಿಂತಿತು. ನನಗೆ ಭಯವಾಗಿ ಟೌನ್ ಬಸ್ಸಿನಲ್ಲಿ ಗಾಂಧಿಪುರಂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಎಣ್ಣೆಯ ಮಾತೇ ಎತ್ತಲಿಲ್ಲ. ಏನು ಕೆಲಸ ಎಂದು ಕೇಳಿದರು. ಮಿಲ್ಲುಗಳ ವೇಸ್ಟ್ ಹತ್ತಿ ತಂದು ಬಿಡಿಸಿ, ಆರಿಸುವ ನಮ್ಮ ಶೆಡ್ಡಿನ ಬಗ್ಗೆ ಅತ್ತೆ ಎಷ್ಟು ಜಂಬದಿಂದ ಹೇಳಿದರು ಗೊತ್ತಾ? ಡಾಕ್ಟರು ತಲೆ ತಗ್ಗಿಸಿ ಕೇಳಿದರು. ಹತ್ತಿಯ ಧೂಳು ಎದೆಯಲ್ಲಿ ಕೂತಿದೆಯಂತೆ. ಒಂದು ದಿನ ಬಿಟ್ಟು ಮತ್ತೆ ಧೂಳಿಗೆ ಬಂದ ದಿನವೇ ಹೆಚ್ಚು ಹಿಡಿಯುತ್ತದಂತೆ. ಮೊದಲೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು, ಈಗ ಹೋದಷ್ಟು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು. ಇಷ್ಟು ವರ್ಷ ನೀವೆಲ್ಲ, ಈಗ ನಾನೂ, ಅತ್ತೆಯ ಒಂದೇ ಒಂದು ಸುಖವಾದ ಎಣ್ಣೆಸ್ನಾನವನ್ನು ಬೈದೆವು. ಈ ಮನೆಗೆ ಬಂದ ಮೊದಲ ದಿನ ಅಡುಗೆಮನೆಯ ಕಿಟಕಿಯಿಂದ ಹತ್ತಿ ಹಾರಿ ಬಂದಾಗ, ಸ್ಕೂಲ್ ಪುಸ್ತಕದ ಹಿಮದ ಹಾಗಿದೆ ಎಂದು ನಾನು ಕುಣಿದಾಡಿದ್ದೆ. ಈಗ ಆ ಕಿಟಕಿ ನೋಡಲು ಮನಸ್ಸಾಗುವುದಿಲ್ಲ.

ವಾಪಸ್ ಬಸ್ಸಿನಲ್ಲಿ ಸರವಣಂಪಟ್ಟಿ ದಾಟುವಾಗ ಅತ್ತೆ ನನ್ನ ಕೈ ಹಿಡಿದು, "ಅವನಿಗೆ ಬರೀಬೇಡ ನನ್ನ ಕಣ್ಣು. ಹೊಸ ಮೆಷಿನ್ ಅಂತ ಆಸೆಯಿಂದ ಹೋಗಿದ್ದಾನೆ. ಹತ್ತಿ ಪಂಜು ಹಾರದೆ ಶೆಡ್ ನಡೆಯುತ್ತಾ?" ಎಂದರು. ಹೂಂ ಎಂದೆ. ಆದರೂ ಬರೆಯುತ್ತಿದ್ದೇನೆ. ಹೊಸ ಮೆಷಿನ್ ಜೋರಾಗಿ ಓಡುತ್ತದೆ, ಧೂಳೂ ಅಷ್ಟೇ ಜೋರು. ನಿಮ್ಮ ಆಸೆಗೆ ಕಲ್ಲು ಹಾಕುತ್ತಿದ್ದೇನೆ ಎಂದು ಅಳು ಬರುತ್ತಿದೆ. ಆದರೆ ಈ ಮನೆಯ ಹಿಂದೆ, ಈ ಶೆಡ್ಡಿಗೆ ಅದನ್ನು ತರಬೇಡಿ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ಶೆಡ್ ನೋಡಿಕೊಳ್ಳುವ ಪೆರಿಯಸಾಮಿ ಅಣ್ಣನೂ ನಿಮ್ಮ ಕ್ಷೇಮ ಕೇಳಿದ್ದಾಗಿ ಬರೆಯಲು ಹೇಳಿದರು. ಬೇಗ ಬನ್ನಿ, ಬೇಗ ಬೇಗ ಬನ್ನಿ.

ನಿಮ್ಮವಳೇ ಆದ
ವಾರಿಜಾಕ್ಷಿ

ವಿ.ಸೂ: ಟಪಾಲು ಎತ್ತುವ ಹೊತ್ತಾಯಿತು. ಶೆಡ್ಡಿನಲ್ಲಿ ಮನೆಯವರು ಇನ್ನು ಯಾರಿರುತ್ತಾರೆ ಎಂದು ಡಾಕ್ಟರು ಕೊನೆಗೆ ಕೇಳಿದರು. ಆಗ ನೀವು ನೆನಪಾದಿರಿ. ಸೋಮವಾರ ರಾತ್ರಿಗಳಲ್ಲಿ ನೀವು ಮಲಗದೆ ಗೋಡೆಗೆ ಒರಗಿ ಕೂತಿರುತ್ತೀರಿ. ಯಾಕೆ ಎಂದರೆ, "ನಿನ್ನನ್ನೇ ನೋಡ್ತಿದ್ದೀನಿ, ಮಲಕ್ಕೋ" ಅನ್ನುತ್ತೀರಿ. ನಾನೂ ನಂಬಿ, ಸಂತೋಷದಲ್ಲಿ ನಿದ್ದೆ ಹೋಗುತ್ತಿದ್ದೆ. ಅಲ್ಲಿ ನಾನಿಲ್ಲ, ನಮ್ಮ ಶೆಡ್ಡಿನ ಧೂಳೂ ಇಲ್ಲ. ರಾತ್ರಿ ಚಾಪೆಯ ಮೇಲೆ ನೆಟ್ಟಗೆ ಮಲಗಲು ಆಗುತ್ತಿದೆಯೇ? ನಿಜ ಬರೆಯಿರಿ.